ಜೋಕಾಲಿಬಾಯಿಯ ಎಡಗೈ

ಬಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಸಿದ್ದಲಿಂಗೇಶ ವಾರದಲ್ಲಿ ಆರು ದಿನ ತಂತಿ ಸುತ್ತುತ್ತಿದ್ದ, ಏಳನೆಯ ದಿನ ಊರು ಸುತ್ತುತ್ತಿದ್ದ. ತಂತಿ ಸುತ್ತುವುದು ಹೊಟ್ಟೆಪಾಡಿಗೆ. ಊರು ಸುತ್ತುವುದು ಹಳೆಯ ಪಿನ್‌ಬಾಲ್ ಪೆಟ್ಟಿಗೆಗಳಿಗೆ.

ಪಿನ್‌ಬಾಲ್ ಪೆಟ್ಟಿಗೆ ಎಂದರೇನು ಎಂದು ಅವನನ್ನು ಮಾತ್ರ ಕೇಳಬಾರದು. ಕೇಳಿದವರ ಮಧ್ಯಾಹ್ನದ ಊಟ ತಪ್ಪುತ್ತದೆ. ನಾವೇ ಚುಟುಕಾಗಿ ಹೇಳಿ ಮುಗಿಸುವುದು ಕ್ಷೇಮ. ಆಡುವವನ ಕಡೆಗೆ ಇಳಿಜಾರಾದ, ನಾಲ್ಕು ಕಾಲಿನ ಒಂದು ಮೇಜು. ಅದರ ಮೇಲೊಂದು ಗಾಜು, ಒಳಗೊಂದು ಉಕ್ಕಿನ ಗುಂಡು. ಸ್ಪ್ರಿಂಗಿನ ಹಿಡಿಕೆ ಎಳೆದು ಬಿಟ್ಟರೆ ಗುಂಡು ಮೇಲಕ್ಕೋಡಿ, ಟೋಪಿಯಂಥ ಬುಗುಟುಗಳಿಗೆ ಬಡಿದು, ಗಂಟೆ ಬಾರಿಸಿ, ಅಂಕ ಗಳಿಸಿ, ಕೆಳಕ್ಕೆ ಉರುಳುತ್ತದೆ. ಕೆಳಗೆ ಎಡಕ್ಕೊಂದು ಬಲಕ್ಕೊಂದು ಗೇಣುದ್ದವೂ ಇಲ್ಲದ ಕೈಗಳು ಕಾಯ್ದುಕೊಂಡಿರುತ್ತವೆ. ಬಟನ್ ಒತ್ತಿದರೆ ಕೈ ಟಪ್ಪನೆ ಎದ್ದು ಗುಂಡನ್ನು ಮತ್ತೆ ಮೇಲಕ್ಕೆ ಒದೆಯುತ್ತದೆ. ಹೊತ್ತು ತಪ್ಪಿ ಒತ್ತಿದರೆ ಗುಂಡು ನಡುವಿನ ತೂತಿಗೆ ಇಳಿದು ಹೋಗುತ್ತದೆ. ಇದರೊಳಗೆ ಕಂಪ್ಯೂಟರ್ ಇಲ್ಲ. ಅರ್ಧ ಮೈಲಿ ತಂತಿ, ನೂರಾರು ಸ್ವಿಚ್ಚು, ತಂತಿ ಸುತ್ತಿದ ಮೂವತ್ತು ಕಾಯಿಲ್ಲು, ಅಷ್ಟೆ. ಆದ್ದರಿಂದ ಸಿದ್ದಲಿಂಗೇಶನ ಪ್ರಕಾರ ಅದು ಆಟದ ಸಾಮಾನೇ ಅಲ್ಲ, ಹಾಡು ಕಲಿತ ಪಂಪ್‌ಸೆಟ್ಟು.

ಇಂಥವು ಅವನ ಮನೆಯಲ್ಲಿ ನಾಲ್ಕಿದ್ದವು. ಸಂತೆಯಿಂದ ತಂದ ಎಮ್ಮೆಗಳ ಹಾಗೆ ಊರಿನ ಹೆಸರಿನಿಂದಲೇ ಅವನು ಅವುಗಳನ್ನು ಕರೆಯುತ್ತಿದ್ದ: ಮಿರಜದ್ದು, ಸೋಲಾಪುರದ್ದು, ಹೊನವಾಡದ್ದು, ಬಬಲೇಶ್ವರದ್ದು. ಬಬಲೇಶ್ವರದ್ದು ಒಂದು ಮುಚ್ಚಿದ ಹಿಟ್ಟಿನ ಗಿರಣಿಯಲ್ಲಿ ಸಿಕ್ಕಿದ್ದು. ಮೂರು ತಿಂಗಳು ಬಿಚ್ಚಿ ಒರೆಸಿದರೂ ಅದರ ಗಂಟೆ ಬಾರಿಸಿದಾಗ ಇಷ್ಟಿಷ್ಟು ಜೋಳದ ಹಿಟ್ಟು ಉದುರುತ್ತಿತ್ತು. ಆದರೆ ನಾಲ್ಕರಲ್ಲಿ ಅದೇ ಚೊಕ್ಕ. ಪಡಸಾಲೆಯಲ್ಲಿ ಎರಡು, ಮಲಗುವ ಕೋಣೆಯಲ್ಲಿ ಒಂದು, ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಈ ಬಬಲೇಶ್ವರದ್ದು. ಅವನ ಹೆಂಡತಿ ಸೌಭಾಗ್ಯ ಸಾಲಿ ಟೀಚರ್. ಹೊಸದಾಗಿ ಬಂದ ಮುಖ್ಯೋಪಾಧ್ಯಾಯಿನಿ ಮಕ್ಕಳೆಷ್ಟು ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಶಾಲೆಯಲ್ಲೆಲ್ಲ ಹಬ್ಬಿತ್ತು: “ಒಬ್ಬಾಕಿ ಮಗಳರಿ, ಲಗ್ನ ಆಗಿ ಬೆಳಗಾವ್ಯಾಗ ಅದಾಳ. ಉಳದ ನಾಕು ಇನ್ನೂ ಮನ್ಯಾಗ ಅದಾವ, ಯಾರೂ ನೋಡಾಕ ಬರವಲ್ರು.”

ನಾಲ್ಕಿದ್ದರೂ ಸಿದ್ದಲಿಂಗೇಶನಿಗೆ ಬೇಕಾಗಿದ್ದದ್ದು ಐದನೆಯದು. ಅದಕ್ಕೆ ನಲವತ್ತೆರಡು ವರ್ಷದ ಹಿಂದಿನ ಕಥೆಯಿದೆ. ಅವನು ಎಂಟನೇ ಇಯತ್ತೆಯಲ್ಲಿದ್ದಾಗ ಗಾಂಧಿ ಚೌಕದಲ್ಲಿ ರಾಜಾರಾಮ ಎಂಬವನ ಆಟದಂಗಡಿ ಇತ್ತು. ಅಲ್ಲಿ ಒಂದೇ ಒಂದು ಪೆಟ್ಟಿಗೆ. ಅದರ ಮೇಲ್ತುದಿಯಲ್ಲಿ ನೆಟ್ಟಗೆ ನಿಂತ ಗಾಜಿನ ಮೇಲೆ ಜೋಕಾಲಿ ಆಡುವ ಪರದೇಶದ ಹೆಣ್ಣುಮಗಳ ಚಿತ್ರ. ಆಕೆಯ ಫ್ರಾಕು ಮೊಣಕಾಲಿನಿಂದ ಬಹಳ ಮೇಲಿದ್ದುದರಿಂದ, ಬಜಾರದಲ್ಲಿ ಮರ್ಯಾದೆಯಾಗಿ ಇರಬೇಕೆಂದು ರಾಜಾರಾಮ ಪೇಂಟರನನ್ನು ಕರೆಸಿ ಆಕೆಗೆ ಕೆಂಪು ಸೆರಗಿನ ಇಳಕಲ್ ಸೀರೆ ಉಡಿಸಿದ್ದ. ಊರಿಗೆಲ್ಲ ಅವಳು ಜೋಕಾಲಿಬಾಯಿ. ಸಿದ್ದಲಿಂಗೇಶ ಒಂದು ವರ್ಷ ದಿನಾ ಸಂಜೆ ಹೊಸ್ತಿಲಲ್ಲಿ ನಿಂತು ಇತರರು ಆಡುವುದನ್ನು ನೋಡಿದ. ಗೋಡೆಗೆ ಬರೆಸಿದ್ದ ನಿಯಮಗಳ ಫಲಕ ಅವನಿಗೆ ಬಾಯಿಪಾಠವಾಗಿತ್ತು. ಕೊನೆಗೆ ಒಂದು ಆಟಕ್ಕೆ ಸಾಕಾಗುವಷ್ಟು ಚಿಲ್ಲರೆ ಕೂಡಿಸಿಕೊಂಡು ಹೋದ ದಿನ ಅಂಗಡಿಗೆ ಬೀಗ. ರಾಜಾರಾಮ ಪೆಟ್ಟಿಗೆ ಮಾರಿ ಊರು ಬಿಟ್ಟಿದ್ದ. ಆ ಚಿಲ್ಲರೆಯಲ್ಲಿ ಸಿದ್ದಲಿಂಗೇಶ ಬಜಿ ತಿಂದ. ಬಜಿ ಕರಗಿತು, ಆಸೆ ಕರಗಲಿಲ್ಲ.

ಜೋಕಾಲಿಬಾಯಿ ಸಿಕ್ಕಿದ ಸುದ್ದಿ ತಂದವನು ಚಮನಸಾಬ. ಅವನು ಸಿದ್ದಲಿಂಗೇಶನ ಬಾಲ್ಯದ ಗೆಳೆಯ, ಟೆಂಪೊ ಮಾಲಕ. ಅಣಕಿಸುವುದರಲ್ಲಿ ಅವನ ಸರಿಸಮ ಜಿಲ್ಲೆಯಲ್ಲಿಲ್ಲ. ಬಸ್ ಕಂಡಕ್ಟರು, ಲಿಲಾವು ಕೂಗುವ ದಲಾಲ, ಕೆಟ್ಟ ಸೈಲೆನ್ಸರು, ಸೌಭಾಗ್ಯ ಟೀಚರ್ ಹಾಜರಿ ಕರೆಯುವುದು, ಎಲ್ಲವೂ ಅವನ ಗಂಟಲಲ್ಲಿದ್ದವು. ಒಂದು ಶುಕ್ರವಾರ ಅವನು ಅಂಗಡಿಗೆ ಬಂದು ಗಂಟೆಯ ದನಿ ತೆಗೆದ. ಟಣ್, ಟಣ್, ಟಕ್ಕ, ಟಣ್. ಸಿದ್ದಲಿಂಗೇಶನ ಕೈಯಲ್ಲಿದ್ದ ತಂತಿ ನಿಂತಿತು. ಮೂರನೆಯ ಗಂಟೆ ಒಡೆದು ‘ಟಕ್ಕ’ ಎನ್ನುತ್ತಿದ್ದ ಪೆಟ್ಟಿಗೆ ಈ ಭೂಮಿಯ ಮೇಲೆ ಒಂದೇ.

“ಎಲ್ಲಿ?” ಎಂದು ಕೇಳಿದ.

ಕಳ್ಳಕವಟಗಿಯ ಒಂದು ತೋಟದ ಮನೆಯಲ್ಲಿ. ಹೆಸರಕಾಳಿನ ಚೀಲ ಹೇರಿಕೊಳ್ಳಲು ಹೋಗಿದ್ದನಂತೆ. ಆ ಮನೆಯ ಸೊಸೆ ಪೆಟ್ಟಿಗೆಯ ಗಾಜಿನ ಮೇಲೆ ಕಾಳು ಸುರಿದು ಹಸನು ಮಾಡುತ್ತಿದ್ದಳಂತೆ. ಗಾಜು ಇಳಿಜಾರಲ್ಲವೆ, ದುಂಡನೆಯ ಕಾಳೆಲ್ಲ ತಾನಾಗಿ ಉರುಳಿ ಕೆಳಗಿನ ಪುಟ್ಟಿಗೆ ಬೀಳುತ್ತವೆ, ಕಸಕಡ್ಡಿ ಮೇಲೇ ನಿಲ್ಲುತ್ತವೆ. ಅಮೆರಿಕದವರು ಇಂಥ ಒಳ್ಳೆಯ ಯಂತ್ರ ಮಾಡಿ ಅದರಲ್ಲಿ ಗುಂಡು ಯಾಕೆ ಇಟ್ಟರೋ ತಿಳಿಯದು ಎಂದಿದ್ದಳಂತೆ.

ರವಿವಾರ ಇಬ್ಬರೂ ಟೆಂಪೊ ಹತ್ತಿದರು. ಟಿಕೋಟಾದಲ್ಲಿ ಚಹಕ್ಕೆ ನಿಂತಾಗ ಚಮನಸಾಬ ವ್ಯವಹಾರದ ಪಾಠ ಹೇಳಿದ. ಪೆಟ್ಟಿಗೆ ಕಂಡೊಡನೆ ಮೋರೆ ಅರಳಬಾರದು, ತಂಗಳ ರೊಟ್ಟಿ ನೋಡಿದವನ ಹಾಗೆ ಇರಬೇಕು. ಸಿದ್ದಲಿಂಗೇಶನ ಮೋರೆ ಹೇಗೆ ಅರಳುತ್ತದೆ ಎಂಬುದನ್ನೂ ಮಾಡಿ ತೋರಿಸಿದ. ಚಹದಂಗಡಿಯವನು ಅದನ್ನು ನೋಡಿ, ಇವರಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ನೀರು ತಂದುಕೊಟ್ಟ.

ಪಾಠ ವ್ಯರ್ಥವಾಯಿತು. ತೋಟದ ಮನೆಯ ಪಡಸಾಲೆಯಲ್ಲಿ, ಮಿಣಮಿಣ ಎನ್ನುವ ಟ್ಯೂಬ್‌ಲೈಟಿನ ಕೆಳಗೆ, ಇಳಕಲ್ ಸೀರೆ ಉಟ್ಟ ಜೋಕಾಲಿಬಾಯಿಯನ್ನು ಕಂಡ ಸಿದ್ದಲಿಂಗೇಶ ಚಪ್ಪಲಿ ಬಿಟ್ಟು ಕೈಮುಗಿದುಬಿಟ್ಟ.

ಮನೆಯ ಯಜಮಾನಿ ಕಾಳವ್ವ. ಎಪ್ಪತ್ತೆರಡರ ಗಟ್ಟಿ ಮುದುಕಿ, ರೊಟ್ಟಿ ಬಡಿದು ಬಡಿದು ಅಗಲವಾದ ಅಂಗೈ. ಪೆಟ್ಟಿಗೆ ಮನೆಗೆ ಬಂದದ್ದು ಹೇಗೆಂದು ಅವಳೇ ಹೇಳಿದಳು. ಅವಳ ಗಂಡ ಗುರಲಿಂಗಪ್ಪ ಬಾವಿಗೆ ಮೋಟರ್ ತರುತ್ತೇನೆಂದು ಬಿಜಾಪುರಕ್ಕೆ ಹೋಗಿ, ಬಂಡಿಯಲ್ಲಿ ಇದನ್ನು ಹೇರಿಕೊಂಡು ಬಂದಿದ್ದ. ಮೋಟರಿಗಿಂತ ಹೆಚ್ಚು ತಂತಿ ಇದರಲ್ಲಿದೆ ಎಂಬುದು ಅವನ ಸಮರ್ಥನೆ. ಎಂಟು ದಿನ ಅವಳು ಗಂಡನ ಜೊತೆ ಮಾತು ಬಿಟ್ಟಳು. ಒಂಬತ್ತನೆಯ ದಿನ ಅವನು ಹೊಲಕ್ಕೆ ಹೋದಾಗ, ಏನಿದು ಸುಡಗಾಡು ಎಂದು ಹಿಡಿಕೆ ಎಳೆದು ನೋಡಿದಳು. ಅಂದಿನಿಂದ ಇಂದಿನವರೆಗೆ ಮಧ್ಯಾಹ್ನದ ಊಟ ಮಾಡಿ ಎಲೆಅಡಿಕೆ ಹಾಕಿಕೊಂಡು ದಿನಾ ಒಂದು ಆಟ. ಗುರಲಿಂಗಪ್ಪ ತೀರಿ ಒಂಬತ್ತು ವರ್ಷವಾಯಿತು. ಅವನು ಬದುಕಿದ್ದಷ್ಟು ದಿನ ಒಮ್ಮೆಯೂ ಅವಳನ್ನು ಗೆದ್ದಿರಲಿಲ್ಲ.

ಸಿದ್ದಲಿಂಗೇಶ ತನ್ನ ಕಥೆಯನ್ನೂ ಹೇಳಿಕೊಂಡ. ರಾಜಾರಾಮನ ಹೊಸ್ತಿಲು, ಬೀಗ, ಬಜಿ, ಬಾಯಿಪಾಠವಾದ ಫಲಕ. ಕಾಳವ್ವ ಅಡಿಕೆ ಕತ್ತರಿಸುತ್ತ ಎಲ್ಲವನ್ನೂ ಕೇಳಿದಳು. ಸೊಸೆ ವಿಜಯಲಕ್ಷ್ಮೀ ಬಾಗಿಲ ಮರೆಯಿಂದ ಅತಿಥಿಯ ಪರ ವಕಾಲತ್ತು ನಡೆಸಿದಳು. ಆ ಜಾಗದಲ್ಲಿ ಊಟದ ಟೇಬಲ್ ಇಡಬೇಕೆಂಬುದು ಅವಳ ಆರು ವರ್ಷದ ಕನಸು.

“ಮಾರೂದಿಲ್ಲ,” ಎಂದಳು ಕಾಳವ್ವ. “ಆಡಿ ಗೆದ್ದಿ ಅಂದ್ರ ಒಯ್ಯಿ.”

ಸಿದ್ದಲಿಂಗೇಶ ಎದ್ದುನಿಂತ. ಆಗಲಿ ಎಂದ.

“ಸೋತರ ಏನ್ ಕೊಡ್ತಿ?”

ಅವನು ಪೆಟ್ಟಿಗೆಯನ್ನೊಮ್ಮೆ ನೋಡಿದ, ಮುದುಕಿಯನ್ನೊಮ್ಮೆ ನೋಡಿದ. ನಾಲ್ಕು ಪೆಟ್ಟಿಗೆಗಳ ಮೇಲೆ ಪ್ರತಿನಿತ್ಯ ಪಳಗಿದ ತನ್ನ ಬೆರಳುಗಳನ್ನು ನೆನೆದ. ನಮ್ಮನ್ಯಾಗ ನಾಕು ಅದಾವು, ನಿಮಗ ಬೇಕಾದ್ದು ಒಂದ ಆರಿಸಿಕೊಂಡ ಒಯ್ರಿ ಎಂದುಬಿಟ್ಟ. ಚಮನಸಾಬ ಹಿಂದಿನಿಂದ ಅಂಗಿ ಜಗ್ಗಿದ್ದು ತಡವಾಯಿತು.

ಆಡುವ ಮುಂಚೆ ಪೆಟ್ಟಿಗೆಯ ತಬಿಯತ್ತು ನೋಡಲು ಸಿದ್ದಲಿಂಗೇಶ ಬಟನ್ ಒತ್ತಿದ. ಬಲಗೈ ಎದ್ದಿತು. ಎಡಗೈ ಮಲಗಿಯೇ ಇತ್ತು. ಅದು ಸತ್ತು ಹನ್ನೊಂದು ವರ್ಷವಾಗಿತ್ತಂತೆ. ಅಷ್ಟು ವರ್ಷವೂ ಕಾಳವ್ವ ಒಂದೇ ಕೈಯಿಂದ ಆಡುತ್ತಿದ್ದಳು. ಅಡಿಯ ಹಲಗೆ ತೆರೆದರೆ ಆ ಕೈಯನ್ನು ಎತ್ತುವ ಕಾಯಿಲ್ ಕರ್ರಗೆ ಸುಟ್ಟು ಕುಳಿತಿತ್ತು. ಸುಟ್ಟ ಕಾಯಿಲ್ ಕಂಡರೆ ಅವನ ಬೆರಳು ಅವನ ಮಾತು ಕೇಳುವುದಿಲ್ಲ. ತಾನು ಅದನ್ನು ಗೆಲ್ಲಲು ಬಂದಿದ್ದೇನೆ ಎಂಬುದನ್ನೂ ಮರೆತು, ಕುಂಟು ಪೆಟ್ಟಿಗೆಯ ಮೇಲೆ ಆಡುವುದು ನ್ಯಾಯವಲ್ಲ, ವಾರದಲ್ಲಿ ಸುತ್ತಿಕೊಂಡು ಬಂದು ಹಾಕುತ್ತೇನೆ, ಆಮೇಲೆ ಆಡೋಣ ಎಂದು ಕಾಯಿಲ್ ಬಿಚ್ಚಿ ಜೇಬಿಗಿಳಿಸಿದ.

ಮರಳುವಾಗ ಟಿಕೋಟಾ ದಾಟಿದ ಮೇಲೆ ಚಮನಸಾಬ ಕೇಳಿದ: “ಲೇ ಸಿದ್ಯಾ, ಕುಸ್ತಿ ಹಿಡಿಯಾಕ ಹೋಗಿ ಎದುರಿನಾಂವನ ಕಾಲ ತಿಕ್ಕಿ ಎಣ್ಣಿ ಹಚ್ಚತಿಯೇನ?”

ಇಲ್ಲಿ ಸಿದ್ದಲಿಂಗೇಶನ ಅಂಗಡಿಯ ಪದ್ಧತಿಯೊಂದನ್ನು ಹೇಳಬೇಕು. ಯಾರೇ ಸುಟ್ಟ ಮೋಟರ್ ಹೊತ್ತು ತಂದರೂ ಅವನು ಮೋರೆ ನೋಡುವುದಿಲ್ಲ, ಹೆಸರು ಕೇಳುವುದಿಲ್ಲ. ತಲೆ ತಗ್ಗಿಸಿಕೊಂಡೇ ಕೇಳುವುದು ಒಂದೇ ಪ್ರಶ್ನೆ: “ಯಾವ ಊರು?” ಊರಿಗೊಂದು ಸುತ್ತು. ಪುಸ್ತಕದಲ್ಲಿರುವ ಲೆಕ್ಕ ನಗರದ ಕರೆಂಟಿಗೆ ಸರಿ. ಹಳ್ಳಿಯ ಲೈನಿನಲ್ಲಿ ಎಲ್ಲರೂ ಒಟ್ಟಿಗೆ ಮೋಟರ್ ಚಾಲೂ ಮಾಡಿದಾಗ ವೋಲ್ಟೇಜ್ ಮೊಣಕಾಲಿಗೆ ಬರುತ್ತದೆ. ಅಲ್ಲಿಗೆ ತಂತಿ ದಪ್ಪ ಹಾಕಬೇಕು, ಸುತ್ತು ಕಡಿಮೆ ಮಾಡಬೇಕು. ಆಗ ಬಡಕಲು ಕರೆಂಟಿನಲ್ಲೂ ಮೋಟರ್ ಎದ್ದು ನೀರು ಎತ್ತುತ್ತದೆ. ಟಿಕೋಟಾಕ್ಕೆ ಇಷ್ಟು, ಹೊನವಾಡಕ್ಕೆ ಅಷ್ಟು, ಕಳ್ಳಕವಟಗಿಗೆ ಎಲ್ಲಕ್ಕಿಂತ ಕಡಿಮೆ. ಇದು ಯಾವ ವಹಿಯಲ್ಲೂ ಇರಲಿಲ್ಲ, ಮೂವತ್ತು ವರ್ಷದಿಂದ ಅವನ ಬೆರಳುಗಳಲ್ಲಿತ್ತು.

ಜೋಕಾಲಿಬಾಯಿಯ ಎಡಗೈ ಕಾಯಿಲನ್ನು ಅವನು ಪೂಜೆಗೆ ಕುಳಿತವನಂತೆ ಕುಳಿತು ಸುತ್ತಿದ. ಮನಸ್ಸು ನಲವತ್ತೆರಡು ವರ್ಷ ಹಿಂದಿತ್ತು. ಬೆರಳುಗಳು ತಮ್ಮಷ್ಟಕ್ಕೆ ಯಾವ ಊರು ಎಂದು ಕೇಳಿಕೊಂಡು, ಕಳ್ಳಕವಟಗಿ ಎಂದು ಉತ್ತರವನ್ನೂ ಪಡೆದು, ದಪ್ಪ ತಂತಿ ತೆಗೆದುಕೊಂಡು, ಸುತ್ತು ಕಡಿಮೆ ಮಾಡಿ ಮುಗಿಸಿದವು. ಕಾಯಿಲಿಗೆ ಚೀಟಿ ಕಟ್ಟುವಾಗ ರೂಢಿಯಂತೆ ‘ಕಳ್ಳಕವಟಗಿ’ ಎಂದು ಬರೆದ. ಅದನ್ನು ನೋಡಿದ ಸೌಭಾಗ್ಯ, ಇದು ಯಾರ ಬೋರಿನದು, ಇಷ್ಟು ಸಣ್ಣದು ಎಂದು ಕೇಳಿದಳು. ಅವನು ನಕ್ಕು ಅದನ್ನು ಜೇಬಿಗಿಳಿಸಿದ.

ಪಣದ ಸುದ್ದಿ ಚಮನಸಾಬನ ಬಾಯಿಯಿಂದ ಅವಳಿಗೆ ತಿಳಿದಿತ್ತು. ಗಂಡ ಗೆದ್ದರೆ ಮನೆಯಲ್ಲಿ ಐದು, ಸೋತರೆ ಮೂರು. ಗಣಿತ ಕಲಿಸುವ ಟೀಚರಿಗೆ ಯಾರ ಪರ ನಿಲ್ಲಬೇಕೆಂದು ಹೇಳಿಕೊಡಬೇಕಾಗಿರಲಿಲ್ಲ. ಆ ವಾರ ಅವಳು ದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದಳು. ಗಂಡ ಅದನ್ನು ಕಂಡು ಕರಗಿದ. ಅವಳು ಬಿಡಿಸಿ ಹೇಳಲು ಹೋಗಲಿಲ್ಲ.

ಮುಂದಿನ ರವಿವಾರದ ಹಿಂದಿನ ದಿನ ಉತ್ತರಿ ಮಳೆ ಹಿಡಿಯಿತು. ಬೆಳಗಿನವರೆಗೆ ಸುರಿದು, ಹೊಲಗಳೆಲ್ಲ ತಣಿದು, ಬೆಳಿಗ್ಗೆ ಬಿಟ್ಟಿತು. ಟೆಂಪೊದಲ್ಲಿ ಹಗ್ಗ, ಎರಡು ಕೌದಿ, ಹಳೆಯ ಗಾದಿ, ಎಲ್ಲವೂ ಇದ್ದವು. ಜೋಕಾಲಿಬಾಯಿಗೆ ದಾರಿಯಲ್ಲಿ ಗೀರು ಬೀಳಬಾರದೆಂದು ಸಿದ್ದಲಿಂಗೇಶ ಮಾಡಿಕೊಂಡ ಸಿದ್ಧತೆ. ಸೌಭಾಗ್ಯಳೂ ಬಂದಿದ್ದಳು. ಆಟ ನೋಡಲು ಎಂದಳು.

ತೋಟದ ಮನೆಯಲ್ಲಿ ಪೆಟ್ಟಿಗೆಗೆ ಗಾಜಿರಲಿಲ್ಲ. ಮಳೆಗೆ ಮೆತ್ತಗಾದ ಹೆಸರಕಾಳು ಒಣಗಿಸಲು ವಿಜಯಲಕ್ಷ್ಮೀ ಗಾಜನ್ನು ಬಿಚ್ಚಿ ಒಲೆಯ ಹತ್ತಿರ ಇಟ್ಟಿದ್ದಳು. ಇರಲಿ, ಆಟಕ್ಕೆ ಗಾಜು ಬೇಕಾಗಿಲ್ಲ ಎಂದು ಸಿದ್ದಲಿಂಗೇಶ ಕಾಯಿಲ್ ಕೂರಿಸಿ, ತಂತಿ ಬೆಸೆದು, ಬಟನ್ ಒತ್ತಿದ. ಎಡಗೈ ಖಡಕ್ಕನೆ ಎದ್ದ ಸದ್ದಿಗೆ ಅಂಗಳದ ಕೋಳಿ ಎರಡು ಹೆಜ್ಜೆ ಹಿಂದೆ ಸರಿಯಿತು.

“ಹೆಂಗೈತ್ರಿ ಯವ್ವಾ, ಕೈ?” ಎಂದು ಹೆಮ್ಮೆಯಿಂದ ಕೇಳಿದ.

ಕಾಳವ್ವ ಕೈಯನ್ನು ನೋಡಲಿಲ್ಲ. ಮೇಲೆ ನೋಡಿದಳು. ಹೋದ ವಾರ ಮಿಣುಕುತ್ತಿದ್ದ ಟ್ಯೂಬ್‌ಲೈಟು ಹಾಲು ಚೆಲ್ಲಿದ ಹಾಗೆ ಉರಿಯುತ್ತಿತ್ತು. ಎಣಿಸುವಷ್ಟು ನಿಧಾನವಾಗಿ ತಿರುಗುತ್ತಿದ್ದ ಫ್ಯಾನು ಗೋಡೆಯ ಕ್ಯಾಲೆಂಡರನ್ನು ಪಟಪಟ ಬಡಿಯುತ್ತಿತ್ತು.

“ಕರೆಂಟ್ ಇವತ್ತ ಬಿಜಾಪುರದಂಗ ಐತಿ,” ಎಂದಳು.

ತನ್ನ ಊರನ್ನು ಹೊಗಳಿದಳೆಂದುಕೊಂಡು ಸಿದ್ದಲಿಂಗೇಶ ವಿನಯದಿಂದ ತಲೆ ಬಾಗಿಸಿದ.

ಆಟಕ್ಕೆ ಐದು ಗುಂಡು. ಮೊದಲು ಕಾಳವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗೈಯನ್ನು ಪೆಟ್ಟಿಗೆಯ ಬದಿಗೆ ಆನಿಸಿ, ಬಲ ಅಂಗೈಯಿಂದ ಮಾತ್ರ ಬಟನ್ ಬಡಿಯತೊಡಗಿದಳು. ಒತ್ತುತ್ತಿರಲಿಲ್ಲ, ರೊಟ್ಟಿ ಬಡಿದ ಹಾಗೆ ಬಡಿಯುತ್ತಿದ್ದಳು. ಗುಂಡು ಎಡಕ್ಕೆ ಜಾರಿದರೆ ಎಡಬದಿಯ ಬಟನ್ ಮುಟ್ಟದೆ, ಮೊರದಲ್ಲಿ ಜೋಳ ಕೇರುವಂತೆ ಸೊಂಟದಿಂದ ಪೆಟ್ಟಿಗೆಯನ್ನೇ ಒಂದಿಷ್ಟು ಅಲುಗಿಸಿ ಗುಂಡನ್ನು ಬಲಕ್ಕೆ ಕರೆದುಕೊಳ್ಳುತ್ತಿದ್ದಳು. ಪೆಟ್ಟಿಗೆಯನ್ನು ಹೆಚ್ಚು ಅಲುಗಿಸಿದರೆ ಒಳಗೆ ತೂಗುವ ಲೋಲಕವೊಂದು ತಂತಿಗೆ ತಾಕಿ, ದೀಪವೆಲ್ಲ ಆರಿ, ಆ ಗುಂಡು ಸತ್ತುಹೋಗುತ್ತದೆ. ಇದಕ್ಕೆ ಸಿದ್ದಲಿಂಗೇಶ ಟಿಲ್ಟ್ ಎನ್ನುತ್ತಿದ್ದ, ಕಾಳವ್ವ ಸಿಟ್ಟು ಎನ್ನುತ್ತಿದ್ದಳು. ಎಷ್ಟು ಅಲುಗಿಸಿದರೆ ಸಿಟ್ಟು ಬರುತ್ತದೆ, ಎಷ್ಟಕ್ಕೆ ಬರುವುದಿಲ್ಲ ಎಂಬುದು ಅವಳಿಗೆ ಹಾಲು ಉಕ್ಕುವ ಹೊತ್ತು ಗೊತ್ತಿದ್ದಂತೆ ಗೊತ್ತಿತ್ತು.

ಇದನ್ನು ನೋಡುತ್ತ ಸಿದ್ದಲಿಂಗೇಶ ಒಳಗೊಳಗೇ ಹಿಗ್ಗಿದ. ಹನ್ನೊಂದು ವರ್ಷದ ರೂಢಿ, ಪಾಪ, ಮುದುಕಿಗೆ ಎಡಗೈ ಬಂದದ್ದು ನೆನಪೇ ಇಲ್ಲ. ತನಗೆ ಎರಡು ಕೈ, ಆಕೆಗೆ ಒಂದು.

ಕಾಳವ್ವನ ಐದು ಗುಂಡು ಮುಗಿದಾಗ ಅಂಕ ತೋರಿಸುವ ಗಾಲಿಗಳಲ್ಲಿ ನಾಲ್ಕು ಸಾವಿರದ ಮುನ್ನೂರಾ ಹತ್ತು. ವಿಜಯಲಕ್ಷ್ಮೀ ಸುಣ್ಣದ ಕಡ್ಡಿಯಿಂದ ಬಾಗಿಲಿಗೆ ಬರೆದಳು. ಬರೆಯುವಾಗ ಅವಳ ಮುಖ ಸಪ್ಪಗಿತ್ತು, ಊಟದ ಟೇಬಲ್ ದೂರ ಸರಿದಿತ್ತು. ಸೌಭಾಗ್ಯಳ ಮುಖ ಮಾತ್ರ ಬೆಳಗುತ್ತಿತ್ತು.

ಸಿದ್ದಲಿಂಗೇಶ ಬೆರಳು ನೆಟಿಗೆ ಮುರಿದು ನಿಂತ. ಮೊದಲ ಗುಂಡಿನಲ್ಲೇ ಎಡಗೈಯ ಒದೆತ ಕಂಡು ಅವನಿಗೇ ಬೆರಗಾಯಿತು. ಗುಂಡು ಮೇಲಿನ ಮೂಲೆವರೆಗೆ ಹೋಗಿ ಟೋಪಿಗಳ ನಡುವೆ ಹುಚ್ಚೆದ್ದು ಕುಣಿಯಿತು. ಒಂಬೈನೂರು. ಎರಡನೆಯ ಗುಂಡನ್ನು ಉಳಿಸಿಕೊಳ್ಳಲು ಕಾಳವ್ವನಂತೆ ಸೊಂಟ ಕೊಟ್ಟ. ಪೆಟ್ಟಿಗೆಗೆ ಪರಪುರುಷನ ಸೊಂಟ ಸೇರಲಿಲ್ಲ, ಸಿಟ್ಟು ಬಂತು, ದೀಪ ಆರಿತು. ಮೂರನೆಯದಕ್ಕೆ ಸಾವಿರದ ಏಳುನೂರು. ನಾಲ್ಕನೆಯದಕ್ಕೆ ಇನ್ನೂರು ಬರುವಷ್ಟರಲ್ಲಿ ಮತ್ತೆ ಸಿಟ್ಟು. ಚಮನಸಾಬ ಉತ್ಸಾಹದಲ್ಲಿ ಬಾಯಿಂದ ಟಣ್ ಟಣ್ ಎನ್ನುತ್ತಿದ್ದ. ಯಾವ ಟಣ್ ಪೆಟ್ಟಿಗೆಯದು, ಯಾವುದು ಚಮನಸಾಬನದು ಎಂದು ತಿಳಿಯದೆ ಕಾಳವ್ವ ಅವನ ಕೈಗೆ ಒಂದು ಬೆಲ್ಲದ ಹೆಂಟೆ ಕೊಟ್ಟು ಬಾಯಲ್ಲಿಟ್ಟುಕೊಳ್ಳಲು ಹೇಳಿದಳು. ಬೆಲ್ಲ ಬಾಯಿಗೆ ಹಾಕಿಕೊಳ್ಳುವ ಮೊದಲು ಅವನು ಒಂದು ಮಾತು ಹೇಳಿದ್ದ: “ಸಿದ್ಯಾ, ಗುಂಡ ಓಡವಲ್ದಲೇ, ಹಾರಾಕತ್ತೈತಿ.” ಗೆಲ್ಲುವ ಹುರುಪಿನಲ್ಲಿದ್ದವನಿಗೆ ಅದು ಕೇಳಿಸಲಿಲ್ಲ.

ಐದನೆಯ ಗುಂಡು ಶುರುವಾದಾಗ ಅವನ ಅಂಕ ಮೂರು ಸಾವಿರಕ್ಕೂ ಇನ್ನೂರು ಕಡಿಮೆ. ಅದರ ಮೇಲೆ ಅವನು ಆಡಿದ ಆಟ ಮಾತ್ರ ರಾಜಾರಾಮನ ಹೊಸ್ತಿಲಲ್ಲಿ ನಿಂತ ಹುಡುಗ ಕನಸಿನಲ್ಲಿ ಆಡುತ್ತಿದ್ದಂಥದು. ಬಲಗೈಯಿಂದ ಎಡಕ್ಕೆ, ಎಡಗೈಯಿಂದ ಮೂಲೆಗೆ, ಮೂಲೆಯಿಂದ ಟೋಪಿಗೆ. ಟಣ್, ಟಣ್, ಟಕ್ಕ, ಟಣ್. ಮೂರು ಸಾವಿರದ ಐನೂರು. ನಾಲ್ಕು ಸಾವಿರ. ನಾಲ್ಕು ಸಾವಿರದ ಇನ್ನೂರು. ಸೌಭಾಗ್ಯ ಸೆರಗಿನ ತುದಿ ತಿರುವತೊಡಗಿದಳು. ನಾಲ್ಕು ಸಾವಿರದ ಮುನ್ನೂರು. ಇನ್ನು ಒಂದು ಟೋಪಿಗೆ ಎರಡು ಸಲ ತಾಕಿದರೆ ಸಾಕು.

ಗುಂಡು ಮೇಲಿನಿಂದ ಬಿರುಸಾಗಿ ಇಳಿದು ನೇರ ಎಡಗೈಗೆ ಬಂತು. ತಾನೇ ಸುತ್ತಿದ ಕಾಯಿಲಿನ ಮೇಲೆ ಪೂರ್ತಿ ಭರವಸೆಯಿಟ್ಟು ಸಿದ್ದಲಿಂಗೇಶ ಬಟನ್ ಒತ್ತಿದ.

ಮಳೆಯಾಗಿದ್ದರಿಂದ ಸುತ್ತಮುತ್ತ ಎರಡು ಮೈಲಿಯಲ್ಲಿ ಒಂದು ಪಂಪ್‌ಸೆಟ್ಟೂ ಚಾಲೂ ಇರಲಿಲ್ಲ. ಕಳ್ಳಕವಟಗಿಯ ಅಷ್ಟೂ ಕರೆಂಟು ಪುರುಸೊತ್ತಾಗಿತ್ತು. ಅದೆಲ್ಲ ಸೇರಿ ಆ ಪುಟ್ಟ ಕೈಯಲ್ಲಿ ಎದ್ದಿತು. ಗುಂಡು ಮೇಜಿನ ಮೇಲೆ ಓಡಲಿಲ್ಲ. ಮೇಜು ಬಿಟ್ಟಿತು. ಬಲಬದಿಯ ಅಂಚು ದಾಟಿ, ವಿಜಯಲಕ್ಷ್ಮೀಯ ಕಿವಿಯೋಲೆಗೆ ಗಾಳಿ ಹಾಕಿ, ತೆರೆದ ಬಾಗಿಲಿನಿಂದ ಅಂಗಳಕ್ಕೆ ಹೋಯಿತು. ಅಂಗಳದಲ್ಲಿ ಜೋಕಾಲಿಬಾಯಿಯನ್ನು ಕರೆದೊಯ್ಯಲು ಕೌದಿ ಹಾಸಿಕೊಂಡು ಟೆಂಪೊ ನಿಂತಿತ್ತು. ಅದರ ಎಡಗಣ್ಣಿನ ಗಾಜು ಒಡೆದ ಸದ್ದು ಒಳಗೆ ಎಲ್ಲರಿಗೂ ಕೇಳಿಸಿತು. ಚಮನಸಾಬನ ಬಾಯಿಂದ ಬೆಲ್ಲ ಬಿತ್ತು. ಯಾವುದನ್ನಾದರೂ ಅಣಕಿಸುವ ಅವನಿಗೆ ಆ ಸದ್ದನ್ನು ಅಣಕಿಸುವ ಮನಸ್ಸಾಗಲಿಲ್ಲ.

ಆದರೂ ಮೊದಲು ಚೇತರಿಸಿಕೊಂಡವನು ಅವನೇ. ಗುಂಡನ್ನು ಕೆಸರಿನಿಂದ ಹೆಕ್ಕಿ, ಅಂಗಿಗೆ ಒರೆಸುತ್ತ ಬಂದು ವಾದ ಹೂಡಿದ. ಪೆಟ್ಟಿಗೆಯ ದೀಪಗಳು ಇನ್ನೂ ಉರಿಯುತ್ತಿವೆ. ಗುಂಡು ತೂತಿಗೆ ಇಳಿದಿಲ್ಲ, ಸಿಟ್ಟೂ ಬಂದಿಲ್ಲ. ಪೆಟ್ಟಿಗೆಯೇ ಆಟ ಮುಗಿದಿಲ್ಲ ಎನ್ನುವಾಗ ಮನುಷ್ಯರು ಮುಗಿಯಿತು ಎನ್ನುವುದು ಹೇಗೆ. ಗುಂಡನ್ನು ಒಳಗಿಟ್ಟು ಮುಂದುವರಿಸಬೇಕು. ವಿಜಯಲಕ್ಷ್ಮೀ ಹೌದೌದು ಎಂದಳು. ಸೌಭಾಗ್ಯ, ಇದ್ಯಾವ ಸಾಲಿ ಕಾನೂನು ಎಂದಳು. ಸ್ವಲ್ಪ ಹೊತ್ತು ಪಡಸಾಲೆ ಗ್ರಾಮಸಭೆಯಾಯಿತು.

ಕಾಳವ್ವ ಸಿದ್ದಲಿಂಗೇಶನ ಕಡೆ ತಿರುಗಿದಳು.

“ತಮ್ಮಾ, ರಾಜಾರಾಮನ ಗ್ವಾಡಿ ಮ್ಯಾಲಿನ ಹಲಗಿ ಬಾಯಿಪಾಠ ಐತಿ ಅಂದಿದ್ದೆಲ್ಲ. ಏನ್ ಬರದಿತ್ತು?”

ಚಮನಸಾಬ ಗೆಳೆಯನ ಎದುರು ನಿಂತು ಕಣ್ಣಿನಲ್ಲೇ ಹೇಳಿದ, ಮರೆತುಹೋಗಿದೆ ಅನ್ನು, ನಲವತ್ತೆರಡು ವರ್ಷವಾಯಿತು ಅನ್ನು. ಜೋಕಾಲಿಬಾಯಿ ಇಳಕಲ್ ಸೀರೆಯಲ್ಲಿ ಕಾಯುತ್ತಿದ್ದಳು. ಒಂದು ಸುಳ್ಳು ಹೇಳಿದರೆ ಅವಳು ಈಗಲೇ ಟೆಂಪೊ ಹತ್ತಬಹುದಿತ್ತು.

ಸಿದ್ದಲಿಂಗೇಶನಿಗೆ ಫಲಕವನ್ನು ಒಂದೇ ಉಸಿರಿನಲ್ಲಿ ಅಲ್ಲದೆ ಬೇರೆ ರೀತಿಯಲ್ಲಿ ಹೇಳಲು ಬರುತ್ತಿರಲಿಲ್ಲ. ಮಗ್ಗಿ ಒಪ್ಪಿಸುವವನಂತೆ ಕೈಕಟ್ಟಿ ಶುರುಮಾಡಿದ. “ಪೆಟ್ಟಿಗೆಯ ಮೇಲೆ ಒರಗಬಾರದು. ಎಲೆಅಡಿಕೆ ಉಗುಳಬಾರದು. ಜೋಕಾಲಿಬಾಯಿಯ ಚಿತ್ರ ಮುಟ್ಟಬಾರದು. ಗುಂಡು ಹೊರಗೆ ಬಿದ್ದರೆ...” ಎಂದು ನಿಂತ. “ಗುಂಡು ಹೊರಗೆ ಬಿದ್ದರೆ ಆಟ ಮುಗಿಯಿತು.”

“ಮುಗೀತಲ್ಲ,” ಎಂದಳು ಕಾಳವ್ವ. ವಿಜಯಲಕ್ಷ್ಮೀಗೆ ಚಹ ಇಡಲು ಹೇಳಿದಳು.

ಟೆಂಪೊ ಒಂದೇ ಕಣ್ಣಿನಿಂದ ಬಿಜಾಪುರಕ್ಕೆ ಮರಳಿತು. ಗಾದಿಯ ಮೇಲೆ ಕಾಳವ್ವ ಕುಳಿತಿದ್ದಳು. ಪಣದ ಮಾಲು ಇವತ್ತೇ ಆರಿಸುತ್ತೇನೆ, ಇನ್ನೊಂದು ದಿನಕ್ಕೆ ಬಿಟ್ಟರೆ ಇಬ್ಬರ ಮನಸ್ಸೂ ಕೆಡುತ್ತದೆ ಎಂದಿದ್ದಳು. ಮನೆಗೆ ಬಂದು ನಾಲ್ಕೂ ಪೆಟ್ಟಿಗೆಗಳನ್ನು ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ತಟ್ಟಿ, ಒತ್ತಿ, ಕಿವಿಯಿಟ್ಟು ನೋಡಿದಳು. ಸಿದ್ದಲಿಂಗೇಶ ಪ್ರತಿ ಪೆಟ್ಟಿಗೆಗೂ ಇಲ್ಲದ ರೋಗ ಹೇಳಿದ. ಬಬಲೇಶ್ವರದ್ದರ ಹತ್ತಿರ ಬಂದಾಗ ಮಾತ್ರ ಅವನು ಯಾವ ರೋಗವನ್ನೂ ಹೇಳದೆ ಸುಮ್ಮನೆ ನಿಂತ. ಹಾಗೆ ನಿಂತದ್ದೇ ತಪ್ಪಾಯಿತು. ಅವಳು ಗಂಟೆ ಬಾರಿಸಿದಳು. ಅಂಗೈ ಮೇಲೆ ಉದುರಿದ ಜೋಳದ ಹಿಟ್ಟನ್ನು ಮೂಸಿ, “ಇದ ಇರಲಿ. ನಮ್ಮನಿ ವಾಸನಿ ಐತಿ,” ಎಂದಳು. ಸೌಭಾಗ್ಯ ಅವಳ ಕಾಲಿಗೆರಗಿ ಒಂದು ಸೀರೆ ಕೊಟ್ಟಳು. ಮಗಳ ಮದುವೆಯಲ್ಲೂ ಅವಳ ಮುಖದಲ್ಲಿ ಇಷ್ಟು ಕಳೆ ಇರಲಿಲ್ಲ ಎಂದು ಚಮನಸಾಬ ಆಮೇಲೆ ಹೇಳಿದ. ಪೆಟ್ಟಿಗೆ ಸರಿಸಿದಾಗ ಅಡುಗೆಮನೆಯ ಬಾಗಿಲು ಏಳು ವರ್ಷದಲ್ಲಿ ಮೊದಲ ಸಲ ಪೂರ್ತಿ ತೆರೆಯಿತು.

ಮರುದಿನ ಸಿದ್ದಲಿಂಗೇಶ ಬಬಲೇಶ್ವರದ್ದನ್ನು ಕೌದಿಯಲ್ಲಿ ಸುತ್ತಿ, ಕಾಳವ್ವನನ್ನೂ ಕೂರಿಸಿಕೊಂಡು ಚಮನಸಾಬನ ಟೆಂಪೊದಲ್ಲಿ ಕಳ್ಳಕವಟಗಿಗೆ ಒಯ್ದು, ಜೋಕಾಲಿಬಾಯಿಯ ಪಕ್ಕದಲ್ಲಿ ನಿಲ್ಲಿಸಿ, ಕಾಲು ಸಮ ಮಾಡಿದ. ವಿಜಯಲಕ್ಷ್ಮೀ ಸಿಟ್ಟಾಗಿರುತ್ತಾಳೆಂದು ಹೆದರಿದ್ದ. ಅವಳಾಗಲೇ ಹೊಸ ಪೆಟ್ಟಿಗೆಯ ಗಾಜನ್ನು ಬಿಚ್ಚಿ ಒರೆಸುತ್ತಿದ್ದಳು. ಒಂದಕ್ಕೆ ಹೆಸರು, ಒಂದಕ್ಕೆ ತೊಗರಿ ಎಂದಳು.

ಕೆಲಸ ಮುಗಿದ ಮೇಲೆ ಅವನು ಜೋಕಾಲಿಬಾಯಿಯ ಎದುರು ನಿಂತ. ನಲವತ್ತೆರಡು ವರ್ಷ ಕಾಯ್ದು ಕೊನೆಗೂ ಆಡಿದ್ದೆ, ಆಡುವಾಗ ಒಂದು ಸಲವೂ ಅವಳ ಕಡೆ ತಲೆಯೆತ್ತಿ ನೋಡಿರಲಿಲ್ಲ ಎಂದು ಈಗ ಹೊಳೆಯಿತು. ಆಗ ಅಂಗಳದ ಆಚೆಯಿಂದ ಬೋರಿನ ಮೋಟರ್ ಸದ್ದು ಕೇಳಿತು. ಒಂದು ಬಗೆಯ ಕೆನೆತ, ಕಟ್ಟು ಬಿಚ್ಚಿದ ಕುದುರೆಯಂತೆ. ಸದ್ದು ಕೇಳಿದ್ದೇ ಸಾಕು, ಅದು ತನ್ನ ಕೈಯ ಸುತ್ತು ಎಂದು ಅವನಿಗೆ ಗೊತ್ತಾಯಿತು.

“ನಿಮ್ಮ ಮೋಟರ್ ನಮ್ಮ ಅಂಗಡ್ಯಾಗ ಸುತ್ತಿಸಿದ್ರೇನ್ರಿ?”

“ಮೂರ ಸಲ,” ಎಂದಳು ಕಾಳವ್ವ. “ನಾನೂ ಬಂದಿದ್ದೆ. ನೀ ತಲಿ ಎತ್ತಿದ್ರಲ್ಲ ನೋಡೂದು? ಯಾವ ಊರು ಅಂದಿ, ಕಳ್ಳಕವಟಗಿ ಅಂದೆ, ಮುಗೀತು. ಚಲೋ ಸುತ್ತತಿ. ಆದ್ರ ಮಳಿ ಬಿದ್ದ ಮರುದಿನ ಕರೆಂಟ್ ತುಂಬಿ ಬಂತಂದ್ರ ಹಿಂಗ ಒದರತೈತಿ ನೋಡು. ಅದಕ್ಕ ನಾವು ಆ ದಿನ ಅದನ್ನ ಮುಟ್ಟೂದಿಲ್ಲ. ಇವತ್ತ ನಮ್ಮ ಸೊಸಿ ಮರತ ಹಚ್ಯಾಳ.”

ಸಿದ್ದಲಿಂಗೇಶನಿಗೆ ಟ್ಯೂಬ್‌ಲೈಟು ನೆನಪಾಯಿತು. ಬದಿಗೆ ಆನಿಸಿದ್ದ, ಬಟನ್ ಮುಟ್ಟದ ಆ ಎಡಗೈ ನೆನಪಾಯಿತು.

“ಅಂದ್ರ ನಿಮಗ ಎಡಗೈ ಮರತಿರಲಿಲ್ಲ?”

“ಅದನ್ನ ಬೇಕಂತ ಬಿಟ್ಟಿದ್ದೆ.”

“ನನಗೊಂದ ಮಾತ ಹೇಳಬಾರದೇನ್ರಿ ಯವ್ವಾ?”

“ಹೇಳಿದ್ದೆನಲ್ಲೋ, ಕರೆಂಟ್ ಬಿಜಾಪುರದಂಗ ಐತಿ ಅಂತ. ನೀ ನಮಸ್ಕಾರ ಮಾಡಿದಿ.”

ಬಾಗಿಲಲ್ಲಿದ್ದ ಚಮನಸಾಬ ಆ ನಮಸ್ಕಾರವನ್ನು ಮಾಡಿ ತೋರಿಸಿದ. ಕಾಳವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಸಿದ್ದಲಿಂಗೇಶ ನಗಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ಮಂಡಿಯೂರಿ ಜೋಕಾಲಿಬಾಯಿಯ ಅಡಿಯ ಹಲಗೆ ತೆರೆದ. ಆ ಕಾಯಿಲ್ ಬಿಚ್ಚಿಕೊಂಡು ಹೋಗುತ್ತೇನೆ, ಈ ಸಲ ಪುಸ್ತಕದ ಲೆಕ್ಕದಂತೆ, ಬಿಜಾಪುರದ ಸುತ್ತು ಸುತ್ತಿ ತರುತ್ತೇನೆ, ಮಳೆಯಿರಲಿ ಬಿಸಿಲಿರಲಿ ಒಂದೇ ಹದದಲ್ಲಿ ಏಳುತ್ತದೆ, ಮುಂದಿನ ರವಿವಾರ ಮತ್ತೊಂದು ಆಟ ಆಡೋಣ, ಮನೆಯಲ್ಲಿ ಇನ್ನೂ ಮೂರಿವೆ ಎಂದ.

ಕಾಳವ್ವ ಎಲೆಗೆ ಸುಣ್ಣ ಸವರಿದಳು.

“ಆತು, ತಾ. ಹಂಗಂದ್ರ ನಾನೂ ಎರಡೂ ಕೈಲೆ ಆಡತೇನಿ.”

ಪೆಟ್ಟಿಗೆಯ ಕೆಳಗಿನಿಂದ, ಬಿಚ್ಚಿದ ಒಂದು ಸ್ಕ್ರೂ ಮತ್ತೆ ಮೆಲ್ಲಗೆ ಬಿಗಿಯಾಗುವ ಸದ್ದು ಕೇಳಿಸಿತು.